ಮೇಲಿನ ಸ್ವರ

ಫೆಬ್ರವರಿ ೧೮, ಭಾನುವಾರ ಮಧ್ಯಾಹ್ನ

ನನ್ನ ಪೀಪಿಗೆ, ಅಮ್ಮ.

ಕೂಸಿನ ಕೆಮ್ಮು ಇಳಿಯಿತೇನಮ್ಮ? ಅಳಿಯಂದಿರು ಬೆನ್ನುನೋವು ಅಂತಿದ್ದರಲ್ಲ, ಈಗ ಹೇಗಿದ್ದಾರೆ? ನಿನ್ನ ಕಾಗದ ಬಂದು ಎಷ್ಟೋ ವಾರವಾಯಿತು. ಉತ್ತರ ಬರೆಯದೆ ಕಾಯಿಸಿದೆ, ಬೇಜಾರು ಮಾಡಿಕೊಳ್ಳಬೇಡ. ಕಣ್ಣು ಮಂಜು, ಕೈ ನಡುಕ ಅಂತ ನೆಪ ಹೇಳಬಹುದಿತ್ತು, ನೀನು ನಂಬುತ್ತಲೂ ಇದ್ದೆ. ಆದರೆ ಬರೆಯಲು ಕೂತಾಗಲೆಲ್ಲ 'ನಿಮ್ಮಪ್ಪ ಕೇಳಿದೆ ಅಂತ ಬರಿ ಅಂತಿದ್ದಾರೆ' ಎಂದು ಮೊದಲ ಸಾಲಿನಲ್ಲೇ ಕೈ ತಾನಾಗಿ ಬರೆದುಬಿಡುತ್ತಿತ್ತು. ಇಷ್ಟು ವರ್ಷದ ಅಭ್ಯಾಸ ನೋಡು. ಆ ಹಾಳೆಯನ್ನು ಮಡಚಿಟ್ಟು ಎದ್ದು ಹೋಗುತ್ತಿದ್ದೆ.

ಫೋನಿನಲ್ಲೇ ಹೇಳಬಹುದಲ್ಲ ಅಂತ ನೀನು ಅಂದುಕೊಳ್ಳಬಹುದು. ಇದು ಫೋನಿನಲ್ಲಿ ಹೇಳುವಂಥದ್ದಲ್ಲ. ನೀನು ಆ ಕಡೆ ಮೂಗು ಎಳೆದುಕೊಂಡದ್ದು ಕೇಳಿಸಿದರೆ ಸಾಕು, ನಾನು ಮಾತು ತಿರುಗಿಸಿ ಕೂಸು ಊಟ ಮಾಡಿತಾ ಅಂತ ಕೇಳಿಬಿಡುತ್ತೇನೆ.

ಈಗ ನಾನು ಕೂತಿರುವುದು ಕೆಳಗಿನ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಉದ್ದ ಬೆಂಚಿನ ಮೇಲೆ. ಒಳಕೋಣೆಯ ಬಾಗಿಲು ತೆರೆದಿದೆ. ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿದ್ದೇವೆ. ಲವಂಗದೆಣ್ಣೆಯ ವಾಸನೆ ಇನ್ನೂ ಗೋಡೆ ಬಿಟ್ಟು ಹೋಗಿಲ್ಲ. ಬರುವ ತಿಂಗಳು ಇಲ್ಲಿಗೆ ಒಬ್ಬಳು ಹೊಸ ಡಾಕ್ಟರು ಬರುತ್ತಾಳೆ, ಚಿಕ್ಕ ವಯಸ್ಸಿನ ಹುಡುಗಿ. ನಿಮ್ಮಪ್ಪ ಹಲ್ಲು ಕೊರೆಯುತ್ತಿದ್ದ ಡ್ರಿಲ್ ಎತ್ತಿ ನೋಡಿ, 'ಅಯ್ಯೋ ಆಂಟಿ, ಇದನ್ನ ಇನ್ನೂ ಇಟ್ಕೊಂಡಿದ್ರಾ?' ಅಂತ ನಕ್ಕಳು. ಅವಳು ತರುವುದು ಸದ್ದೇ ಇಲ್ಲದ್ದಂತೆ. ಒಳ್ಳೆಯದು ಅಂದೆ.

ಭಾನುವಾರ ಭಾನುವಾರ ಇಲ್ಲಿ ನಡೆಯುತ್ತಿದ್ದ ಹಾಡು ಅವಳು ಬರುವ ಮುಂಚೆ ಕೊನೆಯದಾಗಿ ಒಮ್ಮೆ ಆಗಬೇಕು ಅಂತ ದರ್ಜಿ ಮಾವ ಹಟ ಹಿಡಿದಿದ್ದಾರೆ. 'ಪಿಟೀಲಂತೂ ಹೋಯ್ತು ತಾಯಿ, ಹಾಡಾದ್ರೂ ಇರ್ಲಿ. ಡಾಕ್ಟ್ರ ಮಗಳು ಹಾಡ್ಬೇಕು, ನಾನು ತಬಲ ಹಿಡೀತೀನಿ' ಅಂದರು. ಅದನ್ನೇ ನಿನಗೆ ಫೋನಿನಲ್ಲಿ ಹೇಳಿದೆ. ನೀನು ಕಾಗದ ಬರೆದೆ: 'ನನ್ನನ್ನ ಕೇಳ್ಬೇಡಮ್ಮ. ನನ್ನ ದನಿಗೆ ಹೊಳಪಿಲ್ಲ ಅಂತ ಹೇಳಿದ್ದು ಹಾದೀಲಿ ಹೋಗೋರಲ್ಲ, ಅಪ್ಪ.' ಪೀಪಿ, ನೀನು ಬರಬೇಕು, ಹಾಡಬೇಕು. ಅದಕ್ಕೆ ಕಾರಣ ಇದೆ. ಅದನ್ನು ನೇರವಾಗಿ ಹೇಳಲು ಬಾಯಿ ಬರುತ್ತಿಲ್ಲ, ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ. ಸಹಿಸಿಕೊ.

ನಿಮ್ಮಪ್ಪನ ಬಗ್ಗೆ ಈಗ ಎಲ್ಲರೂ ನನಗೇ ಹೇಳಿಕೊಡುತ್ತಿದ್ದಾರೆ, ನಾನೇನೋ ಅವರನ್ನು ನೋಡದವಳ ಹಾಗೆ. 'ನಮ್ಮ ಹಾಡೋ ಡಾಕ್ಟ್ರು' ಅಂತ ಶುರುಮಾಡಿ ಸೆರಗು ಒದ್ದೆ ಮಾಡಿಕೊಂಡು ಹೋಗುತ್ತಾರೆ. ಮೊನ್ನೆ ಎದುರುಮನೆಯ ಅಜ್ಜಿ ಬಂದಿದ್ದರು. ಹಲ್ಲುಸೆಟ್ಟು ಹಾಕಿಸಿಕೊಂಡವರೆಲ್ಲ ಎದ್ದು ಹೋಗುವ ಮುಂಚೆ ಒಂದು ಸಾಲು ಹಾಡಬೇಕಿತ್ತಲ್ಲ, ಅದನ್ನು ನೆನೆದು ನಕ್ಕರು. 'ಮಾತಿಗೆ ಕೂತ ಸೆಟ್ಟು ಹಾಡಿಗೆ ಕೂರಲ್ಲ. ಹಾಡಿಗೆ ಕೂತದ್ದು ಎಲ್ಲಕ್ಕೂ ಕೂರುತ್ತೆ, ಹಾಡಿ ಅಜ್ಜಿ' ಅಂದಿದ್ದರಂತೆ. ಅಜ್ಜಿ ನಾಚಿಕೊಂಡು ಮಗುವಿನ ಹಾಡೊಂದನ್ನು ಹೇಳಿದಾಗ ಎರಡನೇ ಸಾಲಿಗೇ ಸೆಟ್ಟು ಜಾರಿತಂತೆ. ಬಿಚ್ಚಿ, ಉಜ್ಜಿ ನಯಮಾಡಿ, ಮತ್ತೆ ಕೂರಿಸಿ, ಪೂರ್ತಿ ಹಾಡು ಹಾಡಿಸಿಯೇ ಕಳಿಸಿದರಂತೆ. ಆ ಸೆಟ್ಟು ಇವತ್ತಿಗೂ ಅಲ್ಲಾಡಿಲ್ಲ.

ನಾನೂ ಮೊದಲು ಆ ಕುರ್ಚಿಯಲ್ಲೇ ಕೂತವಳು, ನಿನಗೆ ಗೊತ್ತಲ್ಲ. ಕೆನ್ನೆ ಊದಿಸಿಕೊಂಡು ಬಂದಿದ್ದೆ. ಬಾಯೊಳಗೆ ಕೈ, ಡ್ರಿಲ್ಲು ಕುಂಯ್ ಅನ್ನುತ್ತಿದೆ, ಅದರ ಶ್ರುತಿಗೆ ಹೊಂದಿಸಿಕೊಂಡು ಈ ಮನುಷ್ಯ ಗುನುಗುತ್ತಿದ್ದಾರೆ. 'ಇದೇ ನನ್ನ ತಂಬೂರಿ' ಅಂತ ಡ್ರಿಲ್ ಕಡೆ ಕಣ್ಣು ತೋರಿಸಿದರು. ಹುಚ್ಚ ಇರಬೇಕು ಅಂದುಕೊಂಡೆ. ಬಾಯಿ ತೆರೆದುಕೊಂಡು ಕೂತವರು ಬೇಡ ಅನ್ನುವ ಹಾಗೂ ಇಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಎಲ್ಲ ಮುಗಿದ ಮೇಲೆ 'ಹೇಗಿತ್ತು?' ಅಂತ ಕೇಳಿದರು. 'ನೋವೇ ಆಗ್ಲಿಲ್ಲ' ಅಂದೆ. ಅವರು ಕೇಳಿದ್ದು ಹಾಡಿನ ವಿಷಯವಂತೆ! ತಮ್ಮ ಸಂಗೀತಕ್ಕೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಸಿಕ್ಕಿಲ್ಲ ಅಂತ ಮದುವೆಯ ದಿನವೂ ಬಂದವರಿಗೆಲ್ಲ ಹೇಳಿಕೊಂಡು ಓಡಾಡಿದರು.

ನನಗೋ ಸಂಗೀತವೆಂದರೆ ಕತ್ತೆಗೆ ಕಸ್ತೂರಿ. ಪಿಟೀಲು ಶ್ರುತಿ ಮಾಡುತ್ತಿದ್ದಾರೋ ನುಡಿಸುತ್ತಿದ್ದಾರೋ ಎಂದು ನನಗೆ ತಿಳಿಯುತ್ತಿದ್ದುದು ದರ್ಜಿ ಮಾವನ ತಬಲ ಶುರುವಾದ ಮೇಲೆಯೇ. ನಿಮ್ಮಪ್ಪ ಒಂದು ಸ್ವರ ನುಡಿಸಿ, ಇನ್ನೊಂದು ನುಡಿಸಿ, 'ಯಾವುದು ಮೇಲಿನದು ಹೇಳು' ಅಂತ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ನಾನು ಹೇಳಿದ್ದು ಯಾವಾಗಲೂ ತಪ್ಪು. 'ಒಳ್ಳೇದೇ ಆಯ್ತು, ಮನೇಲಿ ಒಬ್ಬರಾದ್ರೂ ನಾನು ಅಪಸ್ವರ ನುಡಿಸಿದ್ರೆ ಬೈಯಲ್ಲ' ಅನ್ನುತ್ತಿದ್ದರು. ಬೈಯಲು ನನಗೆ ಬೇರೆ ಕಾರಣ ಬೇಕಾದಷ್ಟು ಇದ್ದವು. ಆಫೀಸಿನವರ ಹಾಗೆ ಆರು ಗಂಟೆಗೆ ಸರಿಯಾಗಿ ಮೇಲೆ ಮನೆಗೆ ಬರುವ ಗಂಡ ಬೇಕು ಅಂತ ನಾನು ಎಷ್ಟು ಜಗಳ ಆಡಿಲ್ಲ!

ಆದರೂ ಮನೆಯ ಮನುಷ್ಯ ಅಂದರೆ ಅವರೇ. ನಿನ್ನ ಜಡೆ ಹೆಣೆಯುತ್ತಿದ್ದವರು ನಾನಲ್ಲ, ಅವರು. ಹಲ್ಲಿಗೆ ತಂತಿ ಕಟ್ಟುವ ಕೈ, ಜಡೆ ಸಡಿಲವಾಗುವುದೆಲ್ಲಿ ಬಂತು? ಶಾಲೆಯಲ್ಲಿ ಟೀಚರು 'ಯಾರೇ ಹೆಣೆದಿದ್ದು' ಅಂತ ಕೇಳಿದರೆ 'ಹಲ್ಲಿನ ಡಾಕ್ಟ್ರು' ಅಂದಿದ್ದೆಯಂತೆ. ಊಟ ಆದ ಮೇಲೆ ಪಾತ್ರೆ ತೊಳೆಯುತ್ತ ಅವರು ಗುನುಗುವುದು, ನೀನು ಒರೆಸುತ್ತ ಅದನ್ನೇ ಮೇಲಿನ ದನಿಯಲ್ಲಿ ಎತ್ತಿಕೊಳ್ಳುವುದು. ಹುಟ್ಟಿದಾಗಲೇ ಅಷ್ಟು ಸಣ್ಣ ಎತ್ತರದ ದನಿಯಲ್ಲಿ ಕಿರುಚಿದೆ ಅಂತ ನಿನಗೆ ಪೀಪಿ ಅಂತ ಹೆಸರಿಟ್ಟವರೂ ಅವರೇ. ಅಡುಗೆಮನೆಯ ಆ ಹೊತ್ತು ನನಗೆ ಬೇಕಾಗಿತ್ತು. ಹಾಡು ತಿಳಿಯದಿದ್ದರೂ ನೀವಿಬ್ಬರು ನನಗೆ ಅರ್ಥವಾಗುತ್ತಿದ್ದಿರಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಸಂಗೀತದ ಕಾಲೇಜಿಗೆ ಸೇರಲು ತಯಾರಾಗುತ್ತಿದ್ದ ವರ್ಷ ನೆನಪಿದೆಯಲ್ಲ, ನೆನಪಿಲ್ಲದೆ ಏನು. ಇದೇ ಕೋಣೆ. ಬೆಂಚುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದೆವು. ನೀನು ಹಾಡುತ್ತ ಮೇಲಿನ ಸ್ವರಕ್ಕೆ ಹೋದೆ. ಅವರು ಪಿಟೀಲು ಕೆಳಗಿಟ್ಟು, 'ಕಂದಾ, ಮೇಲಿನ ಸ್ವರ ಯಾಕೋ ಮಂಕಾಗಿದೆ. ಗಂಟಲು ಕೆಟ್ಟಿದ್ಯಾ?' ಅಂದರು. ಆಮೇಲೆ ದಿನಾ ಅದೇ ಮಾತು. ಬಿಸಿನೀರು, ಉಪ್ಪು, ಮೌನ, ಮತ್ತೆ ಅದೇ ಸ್ವರ. ಹೊಳಪು ಬರಲಿ ಅಂತ ನೀನು ಕಿರುಚಿ ಕಿರುಚಿ ಗಂಟಲು ಕಟ್ಟಿಸಿಕೊಂಡೆ. ದರ್ಜಿ ಮಾವ ಒಮ್ಮೆ ಮೆಲ್ಲಗೆ, 'ನನಗೇನೋ ಚೆನ್ನಾಗೇ ಕೇಳಿಸ್ತು ಡಾಕ್ಟ್ರೇ' ಅಂದರು. 'ತಾಳ ನೀವು ನೋಡ್ಕೊಳ್ಳಿ, ಸ್ವರ ನನಗೆ ಬಿಡಿ' ಅಂತ ಇವರು ರೇಗಿದರು. ಅವರ ಕಿವಿಗೆ ಎದುರು ಹೇಳುವವರು ಯಾರಿದ್ದರು ಇಲ್ಲಿ?

ಕೊನೆಗೆ ನಿನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು: 'ಈ ಗಂಟಲಿಗೆ ಇರೋದು ಇಷ್ಟೇ ಮಗಳೇ. ಸುಳ್ಳು ಹೇಳಿ ನಿನಗೆ ಮೋಸ ಮಾಡಲಾರೆ.' ರೋಗಿಗಳಿಗೂ ಅವರು ಹಾಗೇ ಅಲ್ಲವೇ? ನೋಯುತ್ತೆ ಅಂದರೆ ನೋಯುತ್ತೆ, ಉಳಿಯಲ್ಲ ಅಂದರೆ ಉಳಿಯಲ್ಲ. ಅದಕ್ಕೇ ಜನ ಅವರನ್ನು ನಂಬುತ್ತಿದ್ದುದು. ನೀನೂ ನಂಬಿದೆ. ಒಂದು ಮಾತು ವಾದ ಮಾಡದೆ ನಕ್ಷೆ ಬಿಡಿಸುವ ಓದಿಗೆ ಸೇರಿಕೊಂಡೆ. ಆ ದಿನದಿಂದ ಪಾತ್ರೆ ಒರೆಸುವಾಗಲೂ ನಿನ್ನ ಬಾಯಿಂದ ಒಂದು ಗುನುಗು ಬರಲಿಲ್ಲ. ಕೂಸಿಗೆ ನಿದ್ದೆ ಮಾಡಿಸಲು ರೇಡಿಯೋ ಹಾಕುತ್ತಾಳೆ ಅಂತ ಅಳಿಯಂದಿರು ಹೇಳಿದಾಗ ನಿಮ್ಮಪ್ಪ ತಟ್ಟೆ ಬಿಟ್ಟು ಎದ್ದು ಹೋದರು. ಅಳಿಯಂದಿರು ಏನೋ ತಪ್ಪು ಮಾತಾಡಿದೆ ಅಂತ ಹೆದರಿಕೊಂಡರು. ಅವರದೇನೂ ತಪ್ಪಿಲ್ಲ ಅಂತ ಈಗ ತಿಳಿಸಿಬಿಡು.

ಅಷ್ಟು ಹೊತ್ತಿಗೆ ನಿಮ್ಮಪ್ಪನಿಗೆ ತಮ್ಮ ಕಿವಿಯ ವಿಷಯ ಗೊತ್ತಾಗಿತ್ತು. ಹತ್ತಿಯಕ್ಕ ಮೊದಲು ಗಮನಿಸಿದಳು. ಹತ್ತಿ ಚೂರು ಎತ್ತಿ ಕೊಡುತ್ತ ಕೊಡುತ್ತ ನಿನ್ನಿಂದ ಆ ಹೆಸರು ಪಡೆದವಳು, ಅವರ ಗುನುಗಿನಲ್ಲೇ ಕೆಲಸ ಎಲ್ಲಿಗೆ ಬಂತು ಅಂತ ತಿಳಿದು ಸಾಮಾನು ಜೋಡಿಸುತ್ತಿದ್ದವಳು. ಮೇಲೆ ಬಂದು, 'ಅಮ್ಮಾ, ಸಾಮಾನು ಕುದಿಸೋ ಮಷೀನು ಪೀಂ ಪೀಂ ಅಂತ ಬಡ್ಕೋತಿದೆ, ಡಾಕ್ಟ್ರು ಪಕ್ಕದಲ್ಲೇ ನಿಂತು ಇನ್ನೂ ಆಗ್ಲಿಲ್ವಾ ಅಂತ ಕೇಳ್ತಾರೆ' ಅಂದಳು. ವಯಸ್ಸಾಯಿತು ಅಂತ ನಾನು ನಕ್ಕು, ಬಲವಂತವಾಗಿ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಆ ಡಾಕ್ಟರು ಇವರ ಕಿವಿಗೆ ಏನೋ ಹಾಕಿ ಗಾಜಿನ ಕೋಣೆಯಲ್ಲಿ ಕೂರಿಸಿದರು. ಸದ್ದು ಕೇಳಿದಾಗ ಬೆರಳು ಎತ್ತಬೇಕು. ಮೊದಮೊದಲು ಎತ್ತಿದರು. ಆಮೇಲೆ ಬೆರಳು ತೊಡೆಯ ಮೇಲೇ ಇತ್ತು, ಮುಖದಲ್ಲಿ ಕಾಯುವ ನಗು. ಹೊರಬಂದ ಮೇಲೆ ಡಾಕ್ಟರು ಗೀಟು ತೋರಿಸಿದರು, ಅರ್ಧದವರೆಗೆ ನೇರ ಬಂದು ಧಡಕ್ಕನೆ ಕೆಳಗೆ ಬಿದ್ದಿತ್ತು. 'ಡ್ರಿಲ್ ಸದ್ದು ಸಾರ್, ಹಲ್ಲಿನ ಡಾಕ್ಟ್ರುಗಳಿಗೆ ಹೀಗಾಗುತ್ತೆ. ಇವತ್ತು ನಿನ್ನೇದಲ್ಲ, ಇಪ್ಪತ್ತು ವರ್ಷದ ಹಿಂದೇನೇ ಶುರುವಾಗಿರ್ಬೇಕು.' ನಿಮ್ಮಪ್ಪ ಆ ಗೀಟು ಬಿದ್ದ ಜಾಗಕ್ಕೆ ಬೆರಳಿಟ್ಟರು. ಆಮೇಲೆ ಕೇಳಿದರು, 'ಆಗ ಒಂದು ಹೆಣ್ಣು ದನಿ, ಚೆನ್ನಾಗಿರೋ ದನಿ, ನನಗೆ ಮಂಕಾಗಿ ಕೇಳಿಸಿರ್ಬಹುದಾ?' 'ಖಂಡಿತ ಸಾರ್. ದನಿಯ ಹೊಳಪೆಲ್ಲ ಮೇಲಿನ ಭಾಗದಲ್ಲೇ ಅಲ್ವಾ ಇರೋದು?' ಪಾಪ, ಆ ಡಾಕ್ಟರಿಗೇನು ಗೊತ್ತು.

ಮೆಟ್ಟಿಲು ಇಳಿಯುವಾಗ ನಡುವೆ ಕೂತುಬಿಟ್ಟರು. ಜನ ಹತ್ತಿಳಿಯುತ್ತಿದ್ದರು. ನಾನು ಕೈ ಹಿಡಿದು ಎಳೆದೆ, ಏಳಲಿಲ್ಲ. 'ಸರಿಯಾಗಿದ್ದ ಹಲ್ಲನ್ನ ಕಿತ್ತುಬಿಟ್ಟೆ ಕಣೇ' ಅಂದರು. ಅಷ್ಟು ವರ್ಷದ ಕೆಲಸದಲ್ಲಿ ಒಬ್ಬರಿಗೂ ಹಾಗೆ ಮಾಡಿದವರಲ್ಲ. ಮುಖ ಮುಚ್ಚಿಕೊಂಡು ಅತ್ತರು ಪೀಪಿ, ಅವರ ತಾಯಿ ಹೋದಾಗಲೂ ಅವರು ಹಾಗೆ ಅತ್ತದ್ದು ನಾನು ನೋಡಿರಲಿಲ್ಲ. ಯಾರೋ ಹೆಂಗಸು ನೀರು ತಂದುಕೊಟ್ಟಳು.

ಕಿವಿಗೆ ಮಷೀನು ಕೊಡಿಸಿದೆವು. ಹಾಕಿಕೊಂಡ ಮೊದಲ ದಿನ ಬೀಗದ ಕೈಗೊಂಚಲು ಅಲ್ಲಾಡಿಸಿ ಅಲ್ಲಾಡಿಸಿ ಕೇಳಿದರು. ಪಿಟೀಲು ಎತ್ತಿಕೊಂಡು, ಮೇಲಿನ ತಂತಿ ಮುಟ್ಟಿ, ಹಾಗೇ ಪೆಟ್ಟಿಗೆಯಲ್ಲಿಟ್ಟರು. 'ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ. ಅವಳು ಹಾಡ್ತಿದ್ದಾಗ ನನಗೆ ಕಿವಿ ಇರ್ಲಿಲ್ಲ, ಈಗ ಕಿವಿ ಬಂತು, ಅವಳು ಹಾಡಲ್ಲ' ಅಂದರು. ಮಷೀನು ನಿನಗೆ ಕಾಣಬಾರದು ಅಂತಲೇ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟದ್ದು. ಅಪ್ಪ ಈ ವಯಸ್ಸಲ್ಲಿ ಕಲಾವಿದರಾಗಿಬಿಟ್ಟರು ಅಂತ ನೀನು ರೇಗಿಸಿದೆಯಲ್ಲ, ನಕ್ಕು ಒಳಗೆ ಹೋದರು. ಫೋನಿನಲ್ಲಿ ನಿನಗೆ ಮಾತಾಡಲು ಬಿಡದೆ ಒಂದೇ ಸಮ ಹಲ್ಲಿನ ಕಥೆ ಕೊರೆಯುತ್ತಿದ್ದರಲ್ಲ, ಅದೂ ಅದಕ್ಕೇ. ಫೋನಿನಲ್ಲಿ ನಿನ್ನ ಮಾತು ಅವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ತಾವೇ ಮಾತಾಡುತ್ತಿದ್ದರೆ ಉತ್ತರ ತಪ್ಪುವ ಭಯವಿಲ್ಲ.

ಹೇಳಿಬಿಡಿ ರೀ ಅಂತ ನಾನು ಎಷ್ಟು ಸಲ ಹೇಳಿದೆನೋ. 'ನೋಯದೆ ಸುಮ್ನಿರೋ ಹಲ್ಲನ್ನ ತಟ್ಟಿ ನೋಡ್ಬಾರ್ದು ಕಣೇ. ದನಿ ಚೆನ್ನಾಗಿರ್ಲಿಲ್ಲ ಅಂತ ನಂಬ್ಕೊಂಡು ಅವಳು ನೆಮ್ಮದಿಯಾಗಿದ್ದಾಳೆ. ಚೆನ್ನಾಗಿತ್ತು, ಅಪ್ಪನ ಕಿವಿ ಕೆಟ್ಟಿತ್ತು ಅಂತ ಗೊತ್ತಾದ್ರೆ, ಹೋದ ವರ್ಷಗಳನ್ನ ಅವಳಿಗೆ ಯಾರು ತಂದ್ಕೊಡ್ತಾರೆ? ನೀನೂ ಹೇಳ್ಕೂಡ್ದು, ಆಣೆ' ಅಂದರು. ಒಂದು ಸಲವಾದರೂ ನಿನ್ನ ಹಾಡು ಕೇಳಬೇಕು ಅಂತ ಒಳಗೇ ಬೇಯುತ್ತಿದ್ದರು. 'ಹಾಡು ಅಂತ ಯಾವ ಬಾಯಲ್ಲಿ ಕೇಳ್ಲಿ?' ಅನ್ನುತ್ತಿದ್ದರು. ಆಗಿನ ನಿನ್ನ ಹಾಡು ಯಾರ ಹತ್ತಿರವೂ ಇಲ್ಲ. ಹಾಡು ಬಿಸಿಬಿಸಿಯಾಗಿ ಮುಗಿಯಬೇಕು, ಡಬ್ಬಿಯಲ್ಲಿ ತುಂಬಿಡಬಾರದು ಅಂತ ಟೇಪಿಗೆ ಹಿಡಿಯಲು ಬಿಡದವರೂ ಅವರೇ ತಾನೇ.

ಅವರ ಮಾತನ್ನು ನಾನೆಂದೂ ಮೀರಿದವಳಲ್ಲ ಅಂತ ಸುಳ್ಳು ಹೇಳಲಾರೆ, ದಿನಬೆಳಗಾದರೆ ಮೀರುತ್ತಿದ್ದೆ. ಆದರೆ ಈ ಒಂದು ಮಾತನ್ನು ಹಲ್ಲುಕಚ್ಚಿ ಉಳಿಸಿಕೊಂಡಿದ್ದೆ. ನಿನ್ನ ಕಾಗದ ಬಂದ ಮೇಲೆ ಆಗಲಿಲ್ಲ. ನಿನ್ನ ಹಲ್ಲು ನೋಯದೆ ಸುಮ್ಮನಿಲ್ಲ ಮಗಳೇ, ನೀನು ಆ ಕಡೆ ಅಗಿಯುವುದನ್ನೇ ಬಿಟ್ಟಿದ್ದೀಯ, ಅಷ್ಟೇ. ಅವರ ಮೇಲೆ ಸಿಟ್ಟು ಬಂದರೆ ಬರಲಿ. ನನಗೂ ಬರುತ್ತದೆ. ಸಿಟ್ಟು ಬಂದಾಗ ಈ ಕುರ್ಚಿಯನ್ನು ಬೈಯುತ್ತೇನೆ, ಆಮೇಲೆ ಬಟ್ಟೆ ಸರಿಮಾಡಿ ಹೊದಿಸುತ್ತೇನೆ. ಅವರಿಲ್ಲದ ಮನೆಯಲ್ಲಿ ನನಗೆ ಒಂದು ಕೆಲಸವೂ ಮುಗಿಯುತ್ತಿಲ್ಲ. ಅವರು ಬೇಕು ನನಗೆ.

ಬಾ. ಹಾಡು ಬಿಟ್ಟು ವರ್ಷಗಳಾದವು, ಗಂಟಲು ತುಕ್ಕು ಹಿಡಿದಿದೆ ಅನ್ನಬೇಡ. ಕೂಸನ್ನೂ ಕರೆದುಕೊಂಡು ಬಾ, ಅಳಿಯಂದಿರಿಗೆ ರಜೆ ಸಿಕ್ಕರೆ ಅವರೂ ಬರಲಿ. ಮೇಲಿನ ಕೋಣೆ ಗುಡಿಸಿ ಇಡುತ್ತೇನೆ. ಕೂಸಿಗೆ ಎರಡು ಹೊತ್ತೂ ಹಲ್ಲುಜ್ಜಿಸು, ಇಲ್ಲದಿದ್ದರೆ ಅಜ್ಜನ ಮಾನ ಹೋಗುತ್ತದೆ. ನಿನ್ನ ಮನೆ ತುಂಬಿರಲಿ, ನಿನ್ನ ಕಣ್ಣು ಒಣಗಿರಲಿ, ನಿನ್ನ ಗಂಟಲು ನಿನಗೆ ವಾಪಸ್ಸು ಸಿಗಲಿ. ನಿಮ್ಮಪ್ಪನ ಪಾಲಿನದೂ ಸೇರಿಸಿ ಹರಸುತ್ತೇನೆ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನ್ನ ಕಾಗದದ ಕೊನೆಯ ಸಾಲಿಗೆ ನಾನು ಉತ್ತರ ಕೊಟ್ಟಿಲ್ಲ. 'ಆಸ್ಪತ್ರೆಯಲ್ಲಿ ನಾನು ಹಾಡಿದಾಗ ಅಪ್ಪ ತಲೆದೂಗಿದ್ರಲ್ಲಮ್ಮ, ನನಗೆ ಅಷ್ಟು ಸಾಕು. ಇನ್ಯಾರ ಮುಂದೆ ಹ್ಯಾಗೆ ಹಾಡ್ಲಿ?' ಅಂತ ಬರೆದಿದ್ದೀಯ.

ಅವತ್ತು ಬಾಗಿಲಲ್ಲಿ ನಿನ್ನ ದನಿ ಕೇಳಿದ ಕೂಡಲೇ ಅವರು ಕಿವಿಯ ಮಷೀನು ಕಿತ್ತು ನನ್ನ ಕೈಗೆ ತುರುಕಿದರು. ನರ್ಸು ಕೂದಲನ್ನು ಹಿಂದಕ್ಕೆ ಬಾಚಿ ಕಟ್ಟಿದ್ದಳು, ಮುಚ್ಚಿಕೊಳ್ಳಲು ಏನೂ ಇರಲಿಲ್ಲ. ನೀನು ನೋಡಿದರೆ ಯಾವಾಗಿನಿಂದ ಅಂತ ಕೇಳುತ್ತೀಯ, ಕೂಡಿ ಕಳೆದು ಎಲ್ಲ ತಿಳಿದುಕೊಳ್ಳುತ್ತೀಯ ಅಂತ ಅವರಿಗೆ ಭಯ. ನೀನು ಹಾಡುತ್ತೀಯ ಅಂತ ಅವರಿಗೇನು ಗೊತ್ತು, ನನಗೇನು ಗೊತ್ತು! ನೀನು ಮಂಚದ ಪಕ್ಕ ಕೂತು, ಅವರ ಕೈ ಹಿಡಿದುಕೊಂಡು ಮೆಲ್ಲಗೆ ಶುರುಮಾಡಿದೆ. ನನ್ನ ಮುಷ್ಟಿಯೊಳಗೆ ಆರಿಸದೆ ಉಳಿದ ಮಷೀನು ಸಣ್ಣಗೆ ಕೂಗುತ್ತಿತ್ತು. ಹಾಡು ಮುಗಿಸಿ ನೀನು 'ಯಾವುದಮ್ಮ ಅದು ಸದ್ದು?' ಅಂತ ಕೇಳಿದೆ. ಪಕ್ಕದ ಮಂಚದ್ದು ಅಂದೆ. ಅವರು ಉದ್ದಕ್ಕೂ ನಿನ್ನ ಬಾಯಿಯನ್ನೇ ನೋಡುತ್ತಿದ್ದರು. ಬಾಯಿ ನೋಡಿ ತಲೆದೂಗಿದರು ಕಂದಾ. ಮಷೀನಿಲ್ಲದೆ, ಅಷ್ಟು ಮೆಲ್ಲಗಿನ ಹಾಡು ಅವರಿಗೆ ಏನೂ ಕೇಳಿಸಿರಲಿಲ್ಲ.

ನೀನು ಔಷಧಿ ತರಲು ಕೆಳಗೆ ಹೋದೆ. ಮಷೀನು ಮತ್ತೆ ಹಾಕಿಕೊಂಡು ಅವರು ಕೇಳಿದ್ದು ಇಷ್ಟೇ: 'ಮೇಲಿನ ಸ್ವರಕ್ಕೆ ಹೋದ್ಲಾ? ಹೊಳಪಿತ್ತಾ?'

ಕೇಳಿದ್ದು ಯಾರನ್ನು ನೋಡು. ನನ್ನನ್ನು. 'ಇತ್ತು ರೀ, ತುಂಬಾ ಇತ್ತು' ಅಂದೆ. ಅವರು ನಂಬಿದರು. ಕಣ್ಣು ಮುಚ್ಚಿಕೊಂಡು ನಗುನಗುತ್ತ ಮಲಗಿದರು, ಆಮೇಲೆ ಮಾತಾಡಲಿಲ್ಲ. ನೀನು ಬಂದು ಒಂದು ಸಲ ಹಾಡು. ದರ್ಜಿ ಮಾವ ಇರುತ್ತಾರೆ, ಸಂಗೀತ ಬಲ್ಲವರು ಇನ್ನೂ ನಾಲ್ಕು ಜನ ಇರುತ್ತಾರೆ. ನಾನು ಅವರಿಗೆ ಹೇಳಿದ್ದು ನಿಜ ಅಂತ ಯಾರಾದರೂ ನನಗೆ ಹೇಳಲಿ.